ಡ್ರೈ ಫೈರ್ ಅಭ್ಯಾಸದಲ್ಲಿ ಮುಂದಿನ ಸೈಟ್ ಎಡಕ್ಕೆ ಜಾರುವುದು

ಏರ್ ಪಿಸ್ತೂಲಿನ ಡ್ರೈ ಫೈರ್ ಅಭ್ಯಾಸದಲ್ಲಿ, ಅಂದರೆ ಪೆಲೆಟ್ (ಸಣ್ಣ ಗುಂಡು) ಹಾಕದೆ ಟ್ರಿಗರ್ ಒತ್ತುವ ಕ್ಷಣದಲ್ಲಿ, ಮುಂದಿನ ಸೈಟ್ (ನಳಿಕೆಯ ತುದಿಯಲ್ಲಿರುವ ಗುರಿಗುರುತು) ಎಡಕ್ಕೆ, ಕೆಳಗೆ ಜಾರುತ್ತದೆ ಎಂದು ಬರೆದಿದ್ದೀರಿ. ನೀವು ಬಲಗೈಯವರಾಗಿದ್ದರೆ, ಬೆರಳಿನ ಜೊತೆಗೆ ಇಡೀ ಅಂಗೈಯೂ ಬಿಗಿಯುತ್ತಿರುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ನೀವು ಕೊಳ್ಳಬೇಕೆಂದಿರುವ ಲೇಸರ್ ಸಾಧನದಿಂದ ಈ ಜಾರುವಿಕೆ ಕಾಣಿಸೀತೇ ಹೊರತು ನಿಲ್ಲದು.

ಮೊದಲು ಪೆಲೆಟ್ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಂಡು, ಏರ್ ಪಿಸ್ತೂಲಿನ ಡ್ರೈ ಫೈರ್ ವ್ಯವಸ್ಥೆಯನ್ನು ಹಾಕಿ, ಬರಿಯ ಬಿಳಿ ಗೋಡೆಗೆ ಹಿಡಿದು, ದೃಷ್ಟಿಯನ್ನು ಮುಂದಿನ ಸೈಟಿನ ಮೇಲಂಚಿನಲ್ಲೇ ನಿಲ್ಲಿಸಿ ಟ್ರಿಗರನ್ನು ನೇರವಾಗಿ ಹಿಂದಕ್ಕೆ ಒತ್ತಿರಿ. ಸೈಟ್ ಅಲುಗದಂತಾದ ಮೇಲಷ್ಟೇ ಗುರಿಯನ್ನು ಅಂಟಿಸಿರಿ: 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಗುರಿಯ ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ. ಇರುವುದರಿಂದ, ಬೆಳಗಾವಿಯ ನಿಮ್ಮ ಬಾಡಿಗೆ ಕೋಣೆಯ 5 ಮೀಟರಿಗೆ ಸುಮಾರು 30 ಮಿ.ಮೀ. ಸಾಕು, ಎತ್ತರ ನೆಲದಿಂದ 1.4 ಮೀಟರ್ ಇರಲಿ.

ಆಗಲೂ ಜಾರಿದರೆ ಹಿಡಿಕೆಯ ಅಳತೆ ನಿಮ್ಮ ಕೈಗೆ ಹೊಂದದಿರಬಹುದು, ಅದನ್ನು ಬರಹದಲ್ಲಿ ನಿರ್ಣಯಿಸಲಾಗದು. ತರಬೇತುದಾರರ ಎದುರೇ ಹಿಡಿದು ತೋರಿಸಿರಿ.