ಅಂಗಾಲಿನ ಉರಿಗೆ ಉಷ್ಣದ ಮೈ ಕಾರಣವಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಯಜಮಾನರಿಗೂ ಮೈದುನನಿಗೂ ಟಿಬಿ. ಇಬ್ಬರೂ ಎರಡು ತಿಂಗಳಿಂದ ಒಂದೇ ಥರದ ಮಾತ್ರೆ ನುಂಗುತ್ತಿದ್ದಾರೆ. ಮೈದುನ ಆರಾಮಾಗಿದ್ದಾನೆ. ಯಜಮಾನರಿಗೆ ಮಾತ್ರ ಅಂಗಾಲು ಉರಿ, ಬೆರಳ ತುದಿ ಜುಮುಜುಮು. "ಇವರದು ಉಷ್ಣದ ಮೈ, ಮಾತ್ರೆ ತಡೆಯಲ್ಲ, ಬಿಡಿಸು ಅಂತ ಓಣಿಯವರೆಲ್ಲ ಹೇಳ್ತಿದ್ದಾರೆ. ಬಿಡಿಸಲೇ?" ಎಂದು ಕೇಳಿದ್ದಾರೆ.

ಅಕ್ಕಾ, ಬಿಡಿಸಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಆ ಮಾತ್ರೆಯಲ್ಲಿ ಐಸೋನಿಯಾಜಿಡ್ ಎಂಬ ಔಷಧ ಇದೆ. 1952ರಿಂದ ಟಿಬಿಗೆ ಕೊಡುತ್ತಿದ್ದಾರೆ. ನಮ್ಮ ಮೈಗೆ ಅದು ಹೊರಗಿನ ರಾಸಾಯನಿಕ. ಬಂದ ಕೆಲಸ ಮುಗಿಸಿದ ಮೇಲೆ ಅದನ್ನು ಆಚೆ ಕಳಿಸಬೇಕು. ಆ ಕೆಲಸ ಮಾಡುವ ಕಿಣ್ವ ಲಿವರಿನಲ್ಲಿದೆ. ಕಿಣ್ವವನ್ನು ಹೇಗೆ ತಯಾರಿಸಬೇಕು ಅನ್ನುವುದು ಎನ್‌ಎಟಿ2 ಎಂಬ ಜೀನ್‌ನಲ್ಲಿದೆ.

ಮೆಕ್ಕೆಜೋಳದ ಸೀಸನ್ನಿನಲ್ಲಿ ನಮ್ಮ ಎಪಿಎಂಸಿ ಯಾರ್ಡ್ ನೋಡಿದ್ದೀರಲ್ವಾ? ಹಮಾಲರು ಸಾಕಷ್ಟಿದ್ದರೆ ಚೀಲಗಳು ಬಂದ ಹಾಗೇ ಲಾರಿ ಏರುತ್ತವೆ. ಕಡಿಮೆಯಿದ್ದರೆ ಅಲ್ಲೇ ಒಟ್ಟಿರುತ್ತವೆ. ಕಿಣ್ವದ್ದೂ ಹಮಾಲರ ಕೆಲಸವೇ. ಔಷಧಕ್ಕೆ ಅಸಿಟೈಲ್ ಎಂಬ ಚಿಕ್ಕ ತುಂಡು ಅಂಟಿಸಿ, ಮೂತ್ರದ ದಾರಿ ಹಿಡಿಸುತ್ತದೆ. ಕಿಣ್ವದ ವಿವರ ಆ ಜೀನ್‌ನಲ್ಲಿ 870 ಅಕ್ಷರಗಳಲ್ಲಿದೆ. ಅಕ್ಷರ ಅಂದರೆ ಇಲ್ಲಿ ಜೀನ್ ಕಟ್ಟಿರುವ ರಾಸಾಯನಿಕ ತುಂಡು; ಅವಕ್ಕೆ 'ಎ', 'ಜಿ' ಎಂಬಂಥ ಹೆಸರು. ನಮ್ಮಲ್ಲಿ ತುಂಬ ಜನಕ್ಕೆ 590ನೇ ಅಕ್ಷರ 'ಜಿ' ಇರಬೇಕಾದ ಕಡೆ 'ಎ' ಇರುತ್ತದೆ. ಒಂದೇ ಅಕ್ಷರ! ಅಷ್ಟಕ್ಕೇ ಕಿಣ್ವ ಬೇಗ ಹಾಳಾಗುತ್ತದೆ, ಲಿವರಿನಲ್ಲಿ ಉಳಿಯುವುದು ಸ್ವಲ್ಪವೇ. ಬೇಗ ಸಾಗಿಸುವವರ ರಕ್ತದಲ್ಲಿ ಔಷಧ ಅರ್ಧಕ್ಕಿಳಿಯಲು ಸುಮಾರು 1 ಗಂಟೆ ಸಾಕು. ನಿಧಾನದವರಿಗೆ 2ರಿಂದ 4 ಗಂಟೆ ಬೇಕು.

ಒಂದೇ ತಾಯಿ ಮಕ್ಕಳಲ್ಲಿ ಹೀಗೇಕೆ? ಈ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಎರಡೂ ನಿಧಾನದ್ದಾದರೆ ಮಾತ್ರ ಆ ಮನುಷ್ಯ ನಿಧಾನದವನು. ಅಣ್ಣನಿಗೆ ಎರಡೂ ನಿಧಾನದ್ದೇ ಸಿಕ್ಕಿ, ತಮ್ಮನಿಗೆ ಒಂದಾದರೂ ಬೇಗದ್ದು ಸಿಕ್ಕಿರಬಹುದು. ಇದು ಅಪ್ಪ-ಅವ್ವನಿಂದ ಬರುವ ಗುಣ ಎಂದು 1960ರಲ್ಲಿ ವೈದ್ಯ ಸಂಶೋಧಕ ಡೇವಿಡ್ ಪ್ರೈಸ್ ಇವಾನ್ಸ್ ಮತ್ತು ಜೊತೆಗಾರರು ತೋರಿಸಿದರು. ಮನೆಮಂದಿಗೆಲ್ಲ ಮಾತ್ರೆ ಕೊಟ್ಟು, 6 ಗಂಟೆ ಬಿಟ್ಟು, ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆದರು. ಜಪಾನಿನಲ್ಲಿ ನಿಧಾನದವರು 10ಕ್ಕೆ ಒಬ್ಬರು ಇದ್ದಾರು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ. ನಿಮ್ಮ ಯಜಮಾನರದು ಉಷ್ಣದ ಮೈ ಅನ್ನುವ ಓಣಿಯವರಲ್ಲೂ ಅರ್ಧ ಮಂದಿ ಹಾಗೇ ಇದ್ದಾರು.

ಬೇಗದವರೇ ಮೇಲು ಅಂತಲೂ ಅಲ್ಲ. ಹಿಂದೆ ಮದ್ರಾಸಿನಲ್ಲಿ ವಾರಕ್ಕೊಂದೇ ಸಲ ಔಷಧ ಕೊಟ್ಟು ನೋಡಿದಾಗ ಗುಣವಾಗುವುದರಲ್ಲಿ ಹಿಂದೆ ಬಿದ್ದವರು ಅವರೇ. ದಿನಾ ನುಂಗುವಾಗ ಆ ತೊಂದರೆ ಅಷ್ಟಾಗಿ ಇಲ್ಲ.

ಈಗ ಉರಿಯ ವಿಚಾರ. ನರಗಳಿಗೆ ಬಿ6 ವಿಟಮಿನ್ ಬೇಕು. ಈ ಔಷಧ ಬಿ6 ಅನ್ನು ಜೊತೆಗೇ ಎಳೆದುಕೊಂಡು ಮೂತ್ರದಲ್ಲಿ ಹೋಗುತ್ತದೆ. ಔಷಧ ಹೆಚ್ಚು ಹೊತ್ತು ನಿಂತಷ್ಟೂ ಬಿ6 ಜಾಸ್ತಿ ಖಾಲಿ. ಅದಕ್ಕೇ ಪಿರಿಡಾಕ್ಸಿನ್ ಎಂಬ ಚಿಕ್ಕ ಮಾತ್ರೆ ಜೊತೆಗೆ ಕೊಡುತ್ತಾರೆ. ಅದೇ ಬಿ6. ಮನೆಯಲ್ಲಿ ಅದು ಇದೆಯಾ, ದಿನಾ ತಗೊಳ್ತಿದ್ದಾರಾ, ಇವತ್ತೇ ನೋಡಿ. ಎಷ್ಟೋ ಮನೆಗಳಲ್ಲಿ "ಇದು ಸುಮ್ನೆ ಶಕ್ತಿ ಮಾತ್ರೆ" ಎಂದು ಪಕ್ಕಕ್ಕಿಟ್ಟಿರುತ್ತಾರೆ. ಉರಿ ಶುರುವಾದ ಮೇಲೆ ಎಷ್ಟು ಬೇಕೆಂದು ಡಾಕ್ಟರೇ ಹೇಳಬೇಕು. ಸಕ್ಕರೆ ಕಾಯಿಲೆ, ಕುಡಿತ ಇದ್ದರೂ ಇದೇ ಥರ ಉರಿಯುತ್ತದೆ. ಡಾಕ್ಟರ ಮುಂದೆ ಅದನ್ನು ಮುಚ್ಚಿಡಬೇಡಿ.

ನನ್ನ ಸೋದರಮಾವ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರಿಗೂ ಟಿಬಿ, ಅವರಿಗೂ ಇದೇ ಉರಿ. ರಾತ್ರಿ ಗೋಣಿಚೀಲ ಒದ್ದೆ ಮಾಡಿ, ಅದರ ಮೇಲೆ ಪಾದ ಇಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಆ ಚೀಲವನ್ನು ಬಿಸಿಲಿಗೆ ಹಾಕುತ್ತಿದ್ದವನು ನಾನು. ಮೂರನೇ ತಿಂಗಳಿಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಉರಿ ಇಳಿಯಿತು, ಕೆಮ್ಮೂ ಇರಲಿಲ್ಲ. ಯುಗಾದಿ ಹೊತ್ತಿಗೆ ಕಫದಲ್ಲಿ ರಕ್ತ ಕಂಡಿತು. ಎರಡನೇ ಸಲದ ಚಿಕಿತ್ಸೆ ಮೊದಲಿಗಿಂತ ಉದ್ದ, ಮೇಲೆ ದಿನಾ ಇಂಜೆಕ್ಷನ್. ಉರಿಯ ಮಾತನ್ನು ಅವರು ಡಾಕ್ಟರಿಗೆ ಒಂದೇ ಒಂದು ಸಲ ಹೇಳಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನೀವು ತಡ ಮಾಡಬೇಡಿ. ನಾಳೆ ಬೆಳಿಗ್ಗೆಯೇ ಮಾತ್ರೆ ಕೊಡುವ ಕಡೆ ಯಜಮಾನರನ್ನೇ ಕರಕೊಂಡು ಹೋಗಿ. ಆಗದಿದ್ದರೆ ಆಶಾ ಕಾರ್ಯಕರ್ತೆಗಾದರೂ ಹೇಳಿ. ಊಟ ಸೇರದೆ ವಾಂತಿಯಾದರೆ, ಕಣ್ಣು ಹಳದಿಯಾದರೆ ಅದು ಬೇರೆ ತೊಂದರೆ, ಲಿವರಿನದು. ಆಗ ನಾಳೆವರೆಗೂ ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಮೈದುನನ ಮೂತ್ರ ಕೆಂಪಗೆ ಬರುತ್ತದೆ ಎಂದೂ ಬರೆದಿದ್ದೀರಿ. ಅದು ರಿಫಾಂಪಿಸಿನ್ ಎಂಬ ಇನ್ನೊಂದು ಔಷಧದ ಬಣ್ಣ, ರಕ್ತ ಅಲ್ಲ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು. ಬಿಳಿ ಬನಿಯನ್ ಕಲೆಯಾದರೆ ಹೆದರಬೇಡಿ. ಕೋರ್ಸ್ ಮುಗಿದ ಮೇಲೆ ಬಣ್ಣ ತಾನಾಗೇ ನಿಲ್ಲುತ್ತದೆ.