ಕೃಷಿ ವಿಶ್ವವಿದ್ಯಾಲಯದಿಂದ ಸುತ್ತಲಿನ ಜಿಲ್ಲೆಗಳಿಗೆ ಸಿಗುವುದೇನು?

ಧಾರವಾಡದ ಕೃಷಿ ವಿಶ್ವವಿದ್ಯಾಲಯದಂತಹ ದೊಡ್ಡ ಸಂಶೋಧನಾ ಸಂಸ್ಥೆಗೆ ಪ್ರತಿ ವರ್ಷ ಸರ್ಕಾರದ ಹಣ ಹೋಗುತ್ತದೆ. ಅಲ್ಲಿನ ನೌಕರರ ಸಂಬಳ, ಗೇಟಿನೆದುರಿನ ಹೋಟೆಲು ಮತ್ತು ಬಾಡಿಗೆ ಕೋಣೆಗಳ ವ್ಯಾಪಾರ ಬಿಟ್ಟರೆ ಆ ಸೀಮೆಯ ಆರ್ಥಿಕತೆಗೆ ಮತ್ತೇನು ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ರಾಣೆಬೆನ್ನೂರು ತಾಲ್ಲೂಕಿನ ಒಕ್ಕಲು ಮನೆತನದವನು, ಬೀಜದ ವ್ಯಾಪಾರದಲ್ಲಿ ಬಹಳ ವರ್ಷ ಕಳೆದವನು. ಹಾಗಾಗಿ ಆ ಕಡೆಯಿಂದ ಕಂಡಷ್ಟನ್ನು ಹೇಳುತ್ತೇನೆ.

ಸಂಬಳ ಮತ್ತು ಹೋಟೆಲಿನ ಲೆಕ್ಕವನ್ನು ಮೊದಲೇ ಬದಿಗಿಡೋಣ. ಅದು ಸುಳ್ಳಲ್ಲ, ಆದರೆ ಅಷ್ಟೇ ಜನರಿರುವ ಒಂದು ಕಾರ್ಖಾನೆ ಬಂದಿದ್ದರೂ ಅಷ್ಟು ವ್ಯಾಪಾರ ಆಗಿಯೇ ಆಗುತ್ತಿತ್ತು. ಸಂಶೋಧನೆ ನಡೆಯುವ ಜಾಗದಿಂದ ಮಾತ್ರ ಬರಬಹುದಾದದ್ದು ಯಾವುದು ಎಂದು ಕೇಳಿಕೊಂಡರೆ ನನಗೆ ನೆನಪಾಗುವುದು ಹತ್ತಿ.

ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ. ಮುಂದೆ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಭಾಗವಾಗಿ, 1986ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅದಕ್ಕೂ ಮೊದಲೇ, 1972ರಲ್ಲಿ, ಧಾರವಾಡದ ಹತ್ತಿ ತಳಿ ವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರು ನಮ್ಮ ಭಾಗದ ಲಕ್ಷ್ಮಿ ಹತ್ತಿಗೆ ಉದ್ದ ಎಳೆಯ ಬೇರೊಂದು ಪ್ರಭೇದದ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ಹೊರತಂದಿದ್ದರು. ಎರಡು ಪ್ರಭೇದಗಳನ್ನು ಬೆಸೆದು ರೈತರ ಹೊಲಕ್ಕೆ ಬಂದ ಹೈಬ್ರಿಡ್ ಹತ್ತಿಗಳಲ್ಲಿ ಜಗತ್ತಿನಲ್ಲೇ ಅದು ಮೊದಲನೆಯದು. 1981ರಲ್ಲಿ ಬಂದ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಅದರ ಜಾಗವನ್ನು ಬಹುಮಟ್ಟಿಗೆ ತುಂಬಿತು. ಉದ್ದ ಎಳೆಯ ಹತ್ತಿಗೆ ಒಳ್ಳೆಯ ದರ ಸಿಕ್ಕಿತೆಂಬುದು ಎಲ್ಲರೂ ಹೇಳುವ ಮಾತು. ಆದರೆ ನಮ್ಮ ತಾಲ್ಲೂಕಿನ ಮಟ್ಟಿಗೆ ಅರಳೆಗಿಂತ ದೊಡ್ಡ ಸಂಗತಿಯಾದದ್ದು ಬೀಜ.

ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜ ಮರುವರ್ಷ ಅದೇ ಗುಣ ಕೊಡುವುದಿಲ್ಲವಾದ್ದರಿಂದ ಪ್ರತಿ ವರ್ಷವೂ ಹೊಸ ಬೀಜ ಬೇಕು, ಮತ್ತು ಹತ್ತಿಯಲ್ಲಿ ಆ ಬೀಜವನ್ನು ಒಂದೊಂದು ಹೂವಿಗೂ ಕೈ ಹಚ್ಚಿಯೇ ತಯಾರಿಸಬೇಕು. ನಮ್ಮಲ್ಲಿ ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ನನ್ನ ತಾಯಿ ಆ ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹೊಲಕ್ಕಿಳಿದು, ನಾಳೆ ಅರಳಲಿರುವ ಮೊಗ್ಗುಗಳನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳನ್ನೂ ಗಂಡು ಭಾಗವನ್ನೂ ಒಟ್ಟಿಗೆ ಕಳಚಿ, ಒಳಗಿನ ಎಳೆಗಾಯಿಗೆ ಉಗುರು ತಾಗದಂತೆ ನೋಡಿಕೊಂಡು, ಮೇಲೊಂದು ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ, ಅಂದರೆ ಪರಾಗಕ್ಕೆಂದೇ ಬೆಳೆಸಿದ ಇನ್ನೊಂದು ತಳಿಯ, ಹೂವನ್ನು ತಂದು ಅದಕ್ಕೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಕಣ್ತಪ್ಪಿ ತಾನಾಗಿಯೇ ಅರಳಿದ ಹೂ ಕಂಡರೆ ಕಿತ್ತೆಸೆಯಬೇಕು. ಇಲ್ಲದಿದ್ದರೆ ಬೀಜ ಬೆರಕೆಯಾಗಿ ಇಡೀ ಪ್ಲಾಟು ತಿರಸ್ಕಾರಕ್ಕೆ ಗುರಿಯಾಗುತ್ತಿತ್ತು. ಹೀಗೆ ಎರಡು ತಿಂಗಳಿಗೂ ಹೆಚ್ಚು ಕಾಲ, ದಿನವೂ. ಮಳೆಗಾಲದ ಕಳೆ ಮುಗಿದರೆ ಕೂಲಿಯೂ ಮುಗಿಯುತ್ತಿದ್ದ ಊರುಗಳಲ್ಲಿ ಈ ಎರಡು ತಿಂಗಳ ಕೂಲಿ ಎಂದರೆ ದೀಪಾವಳಿಯ ಬಟ್ಟೆ, ಕಿರಾಣಿ ಅಂಗಡಿಯ ಸಾಲದ ತೀರುವಳಿ. ಜೊತೆಗೆ ಒಂದು ಕಹಿ ಮಾತನ್ನೂ ಹೇಳಬೇಕು: ಸಣ್ಣ ಬೆರಳುಗಳಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆಂದು ಶಾಲೆ ಬಿಡಿಸಿ ಕರೆತಂದ ಹುಡುಗಿಯರೂ ಆ ಸಾಲುಗಳಲ್ಲಿ ಇರುತ್ತಿದ್ದರು. ಲಾಭದ ಲೆಕ್ಕ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕ ಹುಳುವನ್ನು ತಡೆಯುವ ಕುಲಾಂತರಿ ಹತ್ತಿಗೆ, ಅನುಮತಿ ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ಖಾಸಗಿ ಕಂಪನಿಗಳ ಬಿಟಿ ಹೈಬ್ರಿಡ್‌ಗಳು ಎಲ್ಲೆಡೆ ಹರಡಿ, ವಿಶ್ವವಿದ್ಯಾಲಯದ ತಳಿಗಳು ಬಹುತೇಕ ಹೊಲಗಳಿಂದ ಹಿಂದೆ ಸರಿದವು. ಇಲ್ಲಿಗೆ ಕತೆ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಕ್ರಾಸಿಂಗ್ ಬಲ್ಲ ಸಾವಿರಾರು ಕೈಗಳು, ಗಂಡು ಸಾಲು ಹೆಣ್ಣು ಸಾಲುಗಳ ನಡುವೆ ಎಷ್ಟು ಅಂತರ ಬೇಕೆಂದು ಬಲ್ಲ ರೈತರು, ಅವರನ್ನು ಒಟ್ಟುಗೂಡಿಸುವ ಏಜೆಂಟರು, ಬೀಜ ಒಣಗಿಸಿ ಹಸನು ಮಾಡುವ ಘಟಕಗಳು ರಾಣೆಬೆನ್ನೂರಿನ ಸುತ್ತ ನೆಲೆಯೂರಿದ್ದವು. ಕಂಪನಿಗಳು ಬಂದದ್ದೇ ಇವರನ್ನು ಹುಡುಕಿಕೊಂಡು. ಹತ್ತಿ ಕಡಿಮೆಯಾದಲ್ಲಿ ಅದೇ ಕೈಗಳು ಟೊಮೆಟೊ, ಮೆಣಸಿನಕಾಯಿಯ ಬೀಜಕ್ಕೆ ಒಗ್ಗಿಕೊಂಡವು. ತಳಿ ಹೋದರೂ ಕಸುಬು ಉಳಿಯಿತು. ಆದರೆ ಯಾವ ಲೆಕ್ಕಪತ್ರದಲ್ಲೂ ಇದು ವಿಶ್ವವಿದ್ಯಾಲಯದ ಹೆಸರಿಗೆ ಜಮೆಯಾಗಿಲ್ಲ.

ಇನ್ನೊಂದು ಬಗೆಯ ಕೊಡುಗೆಯಂತೂ ಅಂಗಡಿಯ ರಸೀದಿಯಲ್ಲಿಯೂ ಕಾಣುವುದಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಮುಂಗಾರಿನಲ್ಲಿ ಸೋಯಾಅವರೆ ದೊಡ್ಡ ಬೆಳೆ. ಅದಕ್ಕೆ ತುಕ್ಕು ರೋಗ ಬಿದ್ದರೆ ಎಲೆಗಳು ಹಳದಿಯಾಗಿ ಅವಧಿಗೆ ಮೊದಲೇ ಉದುರಿ ಕಾಳು ಜೊಳ್ಳಾಗುತ್ತದೆ. ಇದನ್ನು ತಡೆದುಕೊಳ್ಳುವ ಡಿಎಸ್‌ಬಿ-21 ತಳಿ ಧಾರವಾಡದ ವಿಶ್ವವಿದ್ಯಾಲಯದ್ದು. ಹೈಬ್ರಿಡ್ ಅಲ್ಲದ್ದರಿಂದ ರೈತ ಒಮ್ಮೆ ಬೀಜ ತಂದರೆ ತನ್ನ ರಾಶಿಯಿಂದಲೇ ಒಂದೆರಡು ವರ್ಷ ಬಿತ್ತಿಕೊಳ್ಳಬಹುದು, ನೆರೆಯವನಿಗೂ ಕೊಡಬಹುದು. ಹೊಡೆಯದೆ ಉಳಿದ ಔಷಧಿಯ ಖರ್ಚು, ಕೊಳ್ಳದೆ ಉಳಿದ ಬೀಜದ ಖರ್ಚು, ಹಾಳಾಗದೆ ಮನೆಗೆ ಬಂದ ಚೀಲಗಳು: ಇವುಗಳಿಗೆ ಬಿಲ್ಲು ಇಲ್ಲ, ತೆರಿಗೆಯೂ ಇಲ್ಲ. ಬೀಜ ಮಾರುವವನಾಗಿ ನನಗೆ ಇಂತಹ ತಳಿಯಿಂದ ನಷ್ಟವೇ. ಆದರೂ ಜಿಲ್ಲೆಗೆ ಯಾವುದು ಹೆಚ್ಚು ಮಾಡಿತೆಂದು ಕೇಳಿದರೆ ಇದನ್ನು ಹೈಬ್ರಿಡ್‌ಗಿಂತ ಕೆಳಗಿಡಲಾರೆ.

ಪ್ರಶ್ನೆಯ ಕೊನೆಯಲ್ಲಿ, ಒಂದು ಊರಿನಲ್ಲಿರುವ ಕ್ಯಾಂಪಸ್ಸು ಇಡೀ ಸೀಮೆಯನ್ನು ಹೇಗೆ ಮುಟ್ಟುತ್ತದೆ ಎಂದೂ ಕೇಳಿದ್ದೀರಿ. ಕ್ಯಾಂಪಸ್ಸು ಮುಟ್ಟುವುದಿಲ್ಲ. ಸೆಪ್ಟೆಂಬರಿನ ಕೃಷಿ ಮೇಳಕ್ಕೆ ಜನ ಬಸ್ಸು, ಟೆಂಪೊ ಹತ್ತಿ ಹೋಗುತ್ತಾರೆ ನಿಜ, ಆದರೆ ಅದು ವರ್ಷಕ್ಕೊಮ್ಮೆ. ನಮ್ಮ ತಾಲ್ಲೂಕಿಗೆ ವಿಶ್ವವಿದ್ಯಾಲಯ ಎಂದರೆ ಹನುಮನಮಟ್ಟಿಯ ಸಂಶೋಧನಾ ಕೇಂದ್ರ. ಬೆಳಗಾವಿಯ ಕಡೆಯವರಿಗೆ ನಿಪ್ಪಾಣಿ, ಅರಭಾವಿಯ ಕೇಂದ್ರಗಳು. ರೋಗ ಬಿದ್ದ ಗಿಡವನ್ನು ಬೇರು ಸಮೇತ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಬೈಕಿನಲ್ಲಿ ಹೋಗಿ ಮೇಜಿನ ಮೇಲಿಟ್ಟು ‘ಇದೇನ್ರಿ ಸಾಹೇಬ್ರ’ ಎಂದು ಕೇಳಿ, ಊಟದ ಹೊತ್ತಿಗೆ ಹೊಲಕ್ಕೆ ಮರಳಬಹುದಾದಷ್ಟು ಹತ್ತಿರ ಅವು ಇವೆ.