ಪೊಲೀಸರು ವಾರಂಟ್ ಇಲ್ಲದೆ ಮನೆ ಹುಡುಕಿ ಲ್ಯಾಪ್‌ಟಾಪ್ ಒಯ್ದಿದ್ದಾರೆ. ಇಷ್ಟರಿಂದಲೇ ಕೇಸು ಬಿದ್ದುಹೋಗುತ್ತದಾ?

ವಾರಂಟಿನ ಮಾತು ಸದ್ಯ ಬಿಡಿ ಮಾರಾಯ್ರೆ. ಮಹಜರಿನ (ಏನೇನು ಒಯ್ದರೆಂದು ಸಾಕ್ಷಿಗಳ ಎದುರು ಬರೆಯುವ ಕಾಗದದ) ಪ್ರತಿ ನಿಮ್ಮ ಕೈಯಲ್ಲಿ ಉಂಟಾ? ಸಹಿ ಹಾಕುವ ಮೊದಲು ಅದನ್ನು ಓದಿದ್ದೀರಾ? ನೀವೂ ಕಾಸರಗೋಡಿನವರು, ಕನ್ನಡ ಮೀಡಿಯಂನಲ್ಲಿ ಕಲಿತವರು ಅಂತ ಬರೆದಿದ್ದೀರಿ. ಅದಕ್ಕೇ ಕೇಳಿದ್ದು.

2016ರಲ್ಲಿ ಉಪ್ಪಳದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇತ್ತು. ಗುರುತಿಲ್ಲದ ಹುಡುಗನೊಬ್ಬ ಲಾಕ್ ತೆಗೆಸಲು ಕೊಟ್ಟುಹೋದ ಫೋನು ಕಳವಿನದ್ದು. ಬಿಲ್ಲು ಕೇಳದೆ ತೆಗೆದುಕೊಂಡಿದ್ದೆ, ಅದು ಬೇರೆ ಕಥೆ. ಒಂದು ಸಂಜೆ ಜಡಿಮಳೆಯಲ್ಲಿ ಪೊಲೀಸರು ಬಂದರು. ಆ ಫೋನಿನ ಜೊತೆಗೆ ರಿಪೇರಿಗೆ ಬಂದಿದ್ದ ಉಳಿದ ಫೋನುಗಳನ್ನೂ ನನ್ನ ಲ್ಯಾಪ್‌ಟಾಪನ್ನೂ ಮೇಜಿನ ಮೇಲೆ ರಾಶಿ ಹಾಕಿದರು. ಎದುರಿನ ಸ್ಟ್ಯಾಂಡಿನಿಂದ ಇಬ್ಬರು ರಿಕ್ಷಾದವರನ್ನು ಸಾಕ್ಷಿಗೆ ಕರೆದರು. ಮಲಯಾಳದಲ್ಲಿ ಮಹಜರು ಬರೆದು ನನ್ನ ಮುಂದಿಟ್ಟರು. ನಾನು ಸಹಿ ಹಾಕಿದೆ.

ಮಾತಾಡಲು ಮಲಯಾಳ ನನಗೆ ನೀರು ಕುಡಿದ ಹಾಗೆ. ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ, ಅದೂ ಊರಿನ ಹೆಸರು ಮೊದಲೇ ಗೊತ್ತಿದ್ದರೆ. ಪಕ್ಕದ ರೂಮಿನಲ್ಲೇ ಟೈಲರ್ ಇದ್ದ, ದಿನಾ ಮಲಯಾಳ ಪೇಪರ್ ಓದುವವ. "ಸ್ವಲ್ಪ ಬಾ, ಇದನ್ನೊಮ್ಮೆ ಓದಿ ಹೇಳು" ಎಂದಿದ್ದರೆ ಮುಗಿಯುತ್ತಿತ್ತು. ಕರೆಯಲಿಲ್ಲ. ಬಾಗಿಲಲ್ಲಿ ಜನ ಸೇರಿದ್ದರು. ಇಷ್ಟು ವರ್ಷದಿಂದ ಇಲ್ಲಿ ಅಂಗಡಿ ಇಟ್ಟವನಿಗೆ ನಾಲ್ಕು ಸಾಲು ಓದಲು ಬರುವುದಿಲ್ಲವಾ ಅಂತ ಅವರಿಗೆ ಗೊತ್ತಾಗಬಾರದಿತ್ತು ನೋಡಿ! ಓದುವವನ ಹಾಗೆ ಕಾಗದದ ಮೇಲಿಂದ ಕೆಳಗೆ ಕಣ್ಣು ಬೇರೆ ಓಡಿಸಿದೆ. ಆ ನಾಟಕ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೋದದ್ದು ಒಂಬತ್ತು ಫೋನು. ಮಹಜರಿನಲ್ಲಿ ಇದ್ದದ್ದು ಎಂಟು. ಒಂದಕ್ಕೂ ಐಎಂಇಐ ನಂಬರಿಲ್ಲ (ಪ್ರತಿ ಫೋನಿಗೂ ಇರುವ ಗುರುತಿನ ನಂಬರು), ಬಣ್ಣವಿಲ್ಲ, ಕಂಪೆನಿಯ ಹೆಸರಿಲ್ಲ. ಒಂಬತ್ತನೆಯದು ದುಬೈಯಿಂದ ರಜೆಯಲ್ಲಿ ಬಂದವರೊಬ್ಬರದ್ದು, ಸ್ಕ್ರೀನ್ ಹಾಕಲು ಕೊಟ್ಟಿದ್ದರು. ಎಣಿಸುವಾಗ ತಪ್ಪಿತೋ, ದಾರಿಯಲ್ಲಿ ಬಿತ್ತೋ, ನಾನು ಯಾರ ಮೇಲೂ ಹೇಳುವುದಿಲ್ಲ. ವಕೀಲರು ಕೇಳಿದ್ದು ಒಂದೇ: "ಅಡಿಯಲ್ಲಿ ಸಹಿ ನಿಮ್ಮದೇ ಅಲ್ವಾ?" ಫೋನು ಕಳಕೊಂಡವರಿಗೆ ಕೈಯಿಂದ 32,000 ರೂಪಾಯಿ ಕೊಟ್ಟೆ.

ಸಹಿಯ ಮೇಲೆ ಕನ್ನಡದಲ್ಲೇ ಒಂದು ಸಾಲು ಬರೆಯಬಹುದಿತ್ತು: "ನನಗೆ ಮಲಯಾಳ ಓದಲು ಬರುವುದಿಲ್ಲ, ಓದಿ ಹೇಳಿಲ್ಲ, ಒಂಬತ್ತು ಫೋನು ಕೊಟ್ಟಿದ್ದೇನೆ." ಪ್ರತಿ ಕೇಳಬಹುದಿತ್ತು. ಹುಡುಕಿದ ಜಾಗ ಯಾರ ಕೈಯಲ್ಲಿದೆಯೋ ಅವನಿಗೆ ವಶಪಡಿಸಿದ ವಸ್ತುಗಳ ಪಟ್ಟಿಯ ಪ್ರತಿ ಕೊಡಲೇಬೇಕೆಂದು ಆಗಿನ ಕಾನೂನಾದ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಸೆಕ್ಷನ್ನಿನಲ್ಲೇ ಇತ್ತು. ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ರಲ್ಲಿ ಉಂಟು.

ಇನ್ನು ನಿಮ್ಮ ವಾರಂಟು. ತನಿಖೆ ಮಾಡುವ ಅಧಿಕಾರಿಗೆ, ತಡಮಾಡಿದರೆ ವಸ್ತು ಸಿಗಲಿಕ್ಕಿಲ್ಲ ಅನಿಸಲು ಕಾರಣವಿದ್ದರೆ, ಅದನ್ನು ಬರೆದಿಟ್ಟು ವಾರಂಟ್ ಇಲ್ಲದೆಯೂ ಹುಡುಕಬಹುದು. 2024ರ ಜುಲೈ 1ರಿಂದ ಇದು ಆ ಹೊಸ ಸಂಹಿತೆಯ 185ನೇ ಸೆಕ್ಷನ್. ವಿಡಿಯೋ ಮಾಡಬೇಕು, ಬರೆದ ಕಾರಣದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ನಿಮಗೂ ಒಂದು ಪ್ರತಿ ಕೊಡಬೇಕು, ದುಡ್ಡು ತೆಗೆದುಕೊಳ್ಳದೆ. ಅರ್ಜಿ ಕೊಟ್ಟಿದ್ದೀರಾ? ಹುಡುಕಿದ್ದರಲ್ಲಿ ಲೋಪವಿದ್ದರೂ ಸಿಕ್ಕಿದ ಸಾಕ್ಷ್ಯ ಅಷ್ಟಕ್ಕೇ ಮೂಲೆಗೆ ಬೀಳುವುದಿಲ್ಲ ಅಂತ ಸುಪ್ರೀಂ ಕೋರ್ಟು 1973ರಲ್ಲೇ ಪೂರಣ್ ಮಲ್ ಕೇಸಿನಲ್ಲಿ ಹೇಳಿಯಾಗಿದೆ. ವಾರಂಟಿಲ್ಲ, ಕೇಸು ಖತಂ ಅನ್ನುವುದು ಹೋಟೆಲಿನ ಬೆಂಚಿನ ಮೇಲೆ ಚಾ ಕುಡಿಯುವವರ ಕಾನೂನು. (ಗಾಂಜಾ ಕೇಸಿನಲ್ಲಿ ಮೈ ತಪಾಸಣೆಗೆ ಕಟ್ಟುನಿಟ್ಟಿನ ನಿಯಮ ಬೇರೆಯೇ ಉಂಟು. ನಿಮ್ಮದು ಅದಲ್ಲ.)

ಲ್ಯಾಪ್‌ಟಾಪಿಗೆ ಸ್ಟೇಷನ್ನಿನಿಂದ ಫೋನು ಬರುತ್ತದೆಂದು ಕಾಯುತ್ತಾ ಕೂರಬೇಡಿ. ನಾನು ಹನ್ನೊಂದು ತಿಂಗಳು ಕೂತೆ. ಕೊನೆಗೆ ವಕೀಲರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸುವಾಗ ಅದರ ಬ್ಯಾಟರಿ ಉಬ್ಬಿತ್ತು. ಈಗ ಆ ಅರ್ಜಿ ಅದೇ ಹೊಸ ಸಂಹಿತೆಯ 503ರ ಅಡಿ. ನಿಮ್ಮದು ಅಂತ ತೋರಿಸಲು ಸೀರಿಯಲ್ ನಂಬರ್ ಬೇಕಾಗುತ್ತದೆ, ಅದು ಲ್ಯಾಪ್‌ಟಾಪ್ ಬಂದ ಡಬ್ಬದ ಮೇಲೂ ಇರುತ್ತದೆ. ಇವತ್ತೇ ಅಟ್ಟ ಹತ್ತಿ ಹುಡುಕಿ.